ಕಾರಂಜಾ ನೀರಿಗೊಂದು ಮೋಟಾರು ದೋಣಿ



ಬೀದರಿನವರ ಮುಂದೆ ದೋಣಿಯ ಎಂಜಿನ್ನಿನ ಮಾತು ತೆಗೆದರೆ ಮೊದಲು ನಗು ಬರುತ್ತದೆ. ಬರಲಿ. ನಮ್ಮ ಊರು ಸಮುದ್ರ ಮಟ್ಟದಿಂದ ಎರಡು ಸಾವಿರ ಅಡಿಗೂ ಎತ್ತರದಲ್ಲಿ, ಕೆಂಪು ಕಲ್ಲಿನ ದಿಬ್ಬದ ಮೇಲೆ ಕೂತಿದೆ. ಇಲ್ಲಿ ನೀರು ಬೇಕಾದಾಗ ಬಹಮನಿ ಕಾಲದವರು ನೌಬಾದಿನಲ್ಲಿ ನೆಲದೊಳಗೆ ಸುರಂಗ ಕೊರೆದರು. ದೋಣಿಗೆ ಅಲ್ಲೇನು ಕೆಲಸ?

ಆದರೆ ದಿಬ್ಬ ಇಳಿದು ಭಾಲ್ಕಿ ಕಡೆ ಹೋದರೆ ಲೆಕ್ಕ ಬೇರೆ. ಬ್ಯಾಲಹಳ್ಳಿ ಹತ್ತಿರ ಕಾರಂಜಾ ನದಿಗೆ ಕಟ್ಟಿದ ಅಣೆಕಟ್ಟಿನ ಹಿಂದೆ 7.69 ಟಿಎಂಸಿ ನೀರು ನಿಲ್ಲುತ್ತದೆ. ಆ ಕಾರಂಜಾ ಹೋಗಿ ಸೇರುವ ಮಾಂಜ್ರಾ ಬೀಡ್ ಜಿಲ್ಲೆಯ ಬಾಲಾಘಾಟ್ ಬೆಟ್ಟಗಳಲ್ಲಿ ಹುಟ್ಟಿ, ನಮ್ಮ ಭಾಲ್ಕಿ, ಔರಾದ್ ಸೀಮೆಯನ್ನು ಹಾದು, ತೆಲಂಗಾಣದಲ್ಲಿ ನಿಜಾಮಸಾಗರ ತುಂಬಿಸಿ ಗೋದಾವರಿಗೆ ಸೇರುತ್ತದೆ. 724 ಕಿಲೋಮೀಟರ್ ಹರಿಯುವ ನದಿ ಅದು. ಬೇಸಿಗೆಯಲ್ಲಿ ಕಲ್ಲು ಕಾಣುತ್ತದೆ, ಮಳೆಗಾಲದಲ್ಲಿ ಸೇತುವೆ ಕಾಣುವುದಿಲ್ಲ. 2025ರ ಮಳೆಗಾಲದಲ್ಲಿ ಮಹಾರಾಷ್ಟ್ರದ ಧನೇಗಾಂವದಿಂದ ನೀರು ಬಿಟ್ಟಾಗ ಈ ಸೀಮೆಯ ರಸ್ತೆಗಳು ಎಲ್ಲಿಗೆ ಹೋದವು ಎಂದು ನೋಡಿದವರಿಗೆ ನಾನು ಹೇಳಬೇಕಾಗಿಲ್ಲ. ನಮ್ಮದೇ ಜಿಲ್ಲೆಯ ಕಲ್ಯಾಣದಲ್ಲಿದ್ದ ಹನ್ನೆರಡನೆಯ ಶತಮಾನದ ಶರಣರಲ್ಲಿ ಒಬ್ಬರು ಅಂಬಿಗರ ಚೌಡಯ್ಯನವರು ಎಂಬುದನ್ನೂ ನಾವು ಮರೆಯಬಾರದು. ದೋಣಿ ಈ ಜಿಲ್ಲೆಗೆ ಹೊರಗಿನ ವಸ್ತುವೇನಲ್ಲ.

ಇಂದು ನಾನು ಮಾತಾಡುವುದು ಕೈಯಲ್ಲಿ ಕಸುಬು ಇರುವವರೊಡನೆ. ಟ್ರಾಲಿ ಬೆಸೆಯುವವರು, ಕಿಟಕಿ ಬಾಗಿಲು ಮಾಡುವವರು, ಫೈಬರಿನ ಕೆಲಸ ಬಲ್ಲವರು ಭಾಲ್ಕಿಯಲ್ಲೂ ಇದ್ದಾರೆ, ಔರಾದಿನಲ್ಲೂ ಇದ್ದಾರೆ. ಹನ್ನೆರಡು ಅಡಿ ಉದ್ದ, ನಾಲ್ಕು ಅಡಿ ಅಗಲದ ಚಪ್ಪಟೆ ತಳದ ಪ್ಲೈವುಡ್ ದೋಣಿಯನ್ನು ಒಳ್ಳೆಯ ಬಡಗಿ ಕಟ್ಟಬಲ್ಲ. ಐಎಸ್ 710 ಎಂಬ ಗುರುತಿರುವ ಮರೈನ್ ಪ್ಲೈವುಡ್ಡನ್ನೇ ತರಬೇಕು. ಅಡುಗೆಮನೆಯ ಕಪಾಟಿಗೆ ಬಳಸುವ ಅಗ್ಗದ ಹಲಗೆ ಒಂದೇ ಮಳೆಗಾಲಕ್ಕೆ ಪದರ ಪದರ ಬಿಡುತ್ತದೆ. ಇಷ್ಟು ಗೊತ್ತಿದ್ದರೆ ದೋಣಿ ತೇಲುತ್ತದೆ. ತೊಡಕು ಶುರುವಾಗುವುದು ಅದರ ಬೆನ್ನಿಗೆ ಎಂಜಿನ್ನು ತೂಗುಹಾಕುವಾಗ.

ದೋಣಿಯ ಹೊರಗೆ ನೇತಾಡುವ ಈ ಎಂಜಿನ್ನಿಗೆ ಔಟ್‌ಬೋರ್ಡ್ ಎನ್ನುತ್ತಾರೆ. ನಾರ್ವೆಯಲ್ಲಿ ಹುಟ್ಟಿ ಅಮೆರಿಕದ ಮಿಲ್ವಾಕಿಯಲ್ಲಿ ನೆಲೆಸಿದ ಓಲೆ ಎವಿನ್‌ರೂಡ್ ಎಂಬಾತ 1909ರ ಹೊತ್ತಿಗೆ ಇದನ್ನು ಮಾರಾಟದ ಸರಕು ಮಾಡಿದ. ಬೇಸಿಗೆಯಲ್ಲಿ ಪ್ರೇಯಸಿಗಾಗಿ ಸರೋವರದಾಚೆಯಿಂದ ಐಸ್‌ಕ್ರೀಮ್ ತರಲು ಹುಟ್ಟು ಹಾಕುತ್ತ ಹೋದ, ಬರುವಷ್ಟರಲ್ಲಿ ಅದು ಕರಗಿತ್ತು, ಆಗಲೇ ಈ ಯೋಚನೆ ಹೊಳೆಯಿತು ಎಂದು ಕತೆ. ಅವನಿಗಿಂತ ಮೊದಲೇ ಬೇರೆಯವರೂ ಇಂಥ ಯಂತ್ರ ಮಾಡಿದ್ದರು, ಆದರೆ ಐಸ್‌ಕ್ರೀಮಿನ ಕತೆ ಅವರ ಬಳಿ ಇರಲಿಲ್ಲ. ಅವನ ಹೆಸರಿನ ಎಂಜಿನ್ನುಗಳ ತಯಾರಿಕೆ 2020ರಲ್ಲಿ ನಿಂತುಹೋಯಿತು.

ನಮ್ಮ ರಾಜ್ಯದಲ್ಲಿ ಔಟ್‌ಬೋರ್ಡಿನ ನಿಜವಾದ ಪಾಠಶಾಲೆ ಕರಾವಳಿ. ಮಲ್ಪೆ, ಗಂಗೊಳ್ಳಿ, ಕಾರವಾರದ ನಾಡದೋಣಿಗಳ ಹಿಂದೆ ಇವು ದಶಕಗಳಿಂದ ತಿರುಗುತ್ತಿವೆ. ಅಲ್ಲಿಯವು ಹೆಚ್ಚಿನವು ಸೀಮೆಎಣ್ಣೆಯವು. ಪೆಟ್ರೋಲಿನಲ್ಲಿ ಚಾಲೂ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ಹೊರಳಿಸುತ್ತಾರೆ. ಸೀಮೆಎಣ್ಣೆ ಸಿಗುವುದೇ ಕಷ್ಟವಾದ ಮೇಲೆ ಪೆಟ್ರೋಲು, ಡೀಸೆಲಿನ ಕಡೆ ತಿರುಗಿದ್ದಾರೆ. ಅಲೆಗೆ ಎದುರಾಗಿ, ಬಲೆಯ ಭಾರ ಹೊತ್ತು ಹೋಗುವ ದೋಣಿ ಅದು. ಅದರ ಹಳೆಯ ಎಂಜಿನ್ನು ಅಗ್ಗಕ್ಕೆ ಸಿಕ್ಕಿತೆಂದು ಹೊತ್ತು ತಂದು ಕಾರಂಜಾದಲ್ಲಿ ಹಾಕಬೇಡಿ ಎಂಬುದು ನನ್ನ ಮೊದಲ ಮಾತು. ಉಪ್ಪುನೀರು ಕುಡಿದ ಎಂಜಿನ್ನಿನ ಒಳಗೆ ಏನೇನು ಸವೆದಿದೆ ಎಂದು ಹೊರಗಿನ ಬಣ್ಣ ಹೇಳುವುದಿಲ್ಲ. ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು. ಹಳೆಯ ಮಾದರಿಯ ಟೂ ಸ್ಟ್ರೋಕ್ ಎಂಜಿನ್ನು ಕುಡಿದ ಇಂಧನದಲ್ಲಿ ಕಾಲು ಭಾಗದಷ್ಟನ್ನು ಉರಿಸದೆ, ಎಣ್ಣೆಯ ಸಮೇತ ನೀರಿಗೇ ಉಗುಳಬಲ್ಲದು. ಕಾರಂಜಾದ ನೀರು ಬೀದರ ನಗರದ ನಲ್ಲಿಗಳಿಗೆ ಬರುತ್ತದೆ. ಹಾಗಾಗಿ ಫೋರ್ ಸ್ಟ್ರೋಕ್ ಎಂಜಿನ್ನೇ ಆಗಬೇಕು, ಇದರಲ್ಲಿ ಚೌಕಾಶಿ ಇಲ್ಲ.

ಎಷ್ಟು ಹಾರ್ಸ್‌ಪವರ್ ಬೇಕು? ಇಲ್ಲಿ ಹುಡುಗರು ಎಡವುತ್ತಾರೆ, ಬೈಕಿನ ಲೆಕ್ಕ ಹಾಕುತ್ತಾರೆ. ಅಮೆರಿಕದ ಕೋಸ್ಟ್ ಗಾರ್ಡಿನವರದ್ದು ಒಂದು ಸುಲಭ ಸೂತ್ರ ಇದೆ. ದೋಣಿಯ ಉದ್ದ, ಹಿಂಬದಿ ಹಲಗೆಯ ಅಗಲ, ಎರಡನ್ನೂ ಅಡಿಗಳಲ್ಲಿ ಅಳೆದು ಗುಣಿಸಿ. ನಮ್ಮ ದೋಣಿಗೆ ಹನ್ನೆರಡು ನಾಲ್ಕಲೆ ನಲವತ್ತೆಂಟು. 46ರಿಂದ 52ರವರೆಗೆ ಬಂದರೆ 15 ಹಾರ್ಸ್‌ಪವರ್ ಮಿತಿ. ಆದರೆ ಚಪ್ಪಟೆ ತಳದ, ಮೂಲೆ ಚೂಪಾದ ದೋಣಿಗೆ ಒಂದು ಮೆಟ್ಟಿಲು ಇಳಿಯಬೇಕು, ಅಂದರೆ 10. ಇದು ಮೇಲಿನ ಮಿತಿ, ಅಷ್ಟು ಹಾಕಲೇಬೇಕು ಎಂಬ ಅಪ್ಪಣೆಯಲ್ಲ. ಹನ್ನೆರಡು ಅಡಿಯ ದೋಣಿ ನೀರನ್ನು ಸೀಳಿಕೊಂಡು ಹೋಗುವಾಗ ಗಂಟೆಗೆ ಎಂಟೂವರೆ ಕಿಲೋಮೀಟರಿನ ಆಸುಪಾಸಿನಲ್ಲಿ ತನ್ನದೇ ಅಲೆಗೆ ಸಿಕ್ಕಿಬೀಳುತ್ತದೆ. ಅಲ್ಲಿಯವರೆಗೆ ಹೋಗಲು 3ರಿಂದ 5 ಹಾರ್ಸ್‌ಪವರ್ ಸಾಕು. ಅದನ್ನು ದಾಟಿ ನೀರಿನ ಮೇಲೆ ಎದ್ದು ಜಾರಬೇಕೆಂದರೆ ಮಾತ್ರ ಹತ್ತು ಬೇಕು, ಆಗಲೂ ದೋಣಿಯಲ್ಲಿ ಮಂದಿ ಕಡಿಮೆ ಇರಬೇಕು. ನಮ್ಮ ಎತ್ತರವೂ ತನ್ನ ತೆರಿಗೆ ವಸೂಲಿ ಮಾಡುತ್ತದೆ. ಮೇಲೆ ಹೋದಂತೆ ಗಾಳಿ ತೆಳುವಾಗಿ, ಸಾವಿರ ಅಡಿಗೆ ಶೇ. 3ರಷ್ಟು ಶಕ್ತಿ ಕುಗ್ಗುತ್ತದೆ. ಮಲ್ಪೆಯಲ್ಲಿ ಹತ್ತು ಇದ್ದದ್ದು ಇಲ್ಲಿ ಒಂಬತ್ತೂವರೆಯಾಗುತ್ತದೆ. ಏಪ್ರಿಲ್ ಬಿಸಿಲಿಗೆ ಇನ್ನಷ್ಟು ಇಳಿಯುತ್ತದೆ.

ಈಗ ಹಿಂಬದಿ ಹಲಗೆಗೆ ಬರೋಣ. ನನ್ನನ್ನು ಕೇಳಿದರೆ ಇಡೀ ಕೆಲಸದ ಜೀವ ಇರುವುದು ಇಲ್ಲಿ. ಹತ್ತು ಹಾರ್ಸ್‌ಪವರಿನ ಫೋರ್ ಸ್ಟ್ರೋಕ್ ಎಂಜಿನ್ನು ನಲವತ್ತು ಕಿಲೋ ಆಸುಪಾಸು ತೂಗುತ್ತದೆ. ಬರೀ ತೂಕವಾದರೆ ಚಿಂತೆಯಿಲ್ಲ. ತಳದಲ್ಲಿ ಪ್ರೊಪೆಲ್ಲರ್ ಮುಂದಕ್ಕೆ ನೂಕುತ್ತದೆ, ಮೇಲೆ ಎಂಜಿನ್ನು ಹಿಂದಕ್ಕೆ ವಾಲುತ್ತದೆ, ಮಧ್ಯೆ ಸಿಕ್ಕ ಹಲಗೆ ಪ್ರತಿ ಬಾರಿ ವೇಗ ಹೆಚ್ಚಿಸಿದಾಗಲೂ ತಿರುಚಿಕೊಳ್ಳುತ್ತದೆ. ಪ್ಲೈವುಡ್ಡಿನ ಎರಡು ಮೂರು ಪದರ ಎಪಾಕ್ಸಿಯಲ್ಲಿ ಅಂಟಿಸಿ ಒಂದೂವರೆ ಇಂಚಿಗೆ ಕಡಿಮೆಯಿಲ್ಲದ ದಪ್ಪ ಮಾಡಬೇಕು. ತಳಕ್ಕೂ ಪಕ್ಕದ ಹಲಗೆಗಳಿಗೂ ಸಾಗವಾನಿಯ ಮೂಲೆಗಟ್ಟು ಕೊಟ್ಟು ಬಿಗಿಯಬೇಕು. ನಮ್ಮ ಬಿಸಿಲಿನಲ್ಲಿ ಎಪಾಕ್ಸಿ ಕೆಲಸ ಮಾಡುವವರಿಗೆ ಒಂದು ಎಚ್ಚರಿಕೆ. ಗಟ್ಟಿಕಾರಕ ಬೆರೆಸಿದ ಮೇಲೆ ಅದು ತಾನೇ ಕಾಯುತ್ತದೆ. ಹತ್ತು ಡಿಗ್ರಿ ಬಿಸಿ ಏರಿದರೆ ಅದು ಗಟ್ಟಿಯಾಗುವ ಸಮಯ ಅರ್ಧಕ್ಕೆ ಇಳಿಯುತ್ತದೆ. ಮೇ ತಿಂಗಳ ಮಧ್ಯಾಹ್ನ ಒಂದು ಮಗ್ಗು ಬೆರೆಸಿ ಚಹಾ ಕುಡಿಯಲು ಹೋದರೆ, ಬರುವಷ್ಟರಲ್ಲಿ ಮಗ್ಗು ಹೊಗೆಯಾಡುತ್ತಿರುತ್ತದೆ. ಬೆಳಗಿನ ಜಾವ, ಸ್ವಲ್ಪ ಸ್ವಲ್ಪವೇ ಬೆರೆಸಿ, ಅಗಲವಾದ ತಟ್ಟೆಯಲ್ಲಿ ಹರಡಿ ಬಳಸಿ.

ಎಂಜಿನ್ನು ಹಿಡಿದುಕೊಳ್ಳಲು ಅದಕ್ಕೇ ಎರಡು ತಿರುಪು ಹಿಡಿಗಳು ಬರುತ್ತವೆ. ಅವನ್ನು ಕೈಯಿಂದ ಬಿಗಿ ಮಾಡಿ, ಅರ್ಧ ಗಂಟೆ ಓಡಿಸಿದ ಮೇಲೆ ಮತ್ತೆ ಬಿಗಿ ಮಾಡಬೇಕು, ಯಾಕೆಂದರೆ ಮರ ಅದುಮಿಕೊಂಡು ಸಡಿಲವಾಗಿರುತ್ತದೆ. ಅಷ್ಟಕ್ಕೇ ನಂಬಿ ಕೂರಬೇಡಿ. ಹಲಗೆಯ ಮೂಲಕ ಆಚೆ ಬರುವ ಬೋಲ್ಟು ಹಾಕಲೇಬೇಕು. ಹಾಕುವ ಕ್ರಮ ಗಮನಿಸಿ. ಬೋಲ್ಟಿನ ಅಳತೆಗಿಂತ ದೊಡ್ಡ ತೂತು ಕೊರೆಯಿರಿ, ಆ ತೂತನ್ನು ಎಪಾಕ್ಸಿಯಿಂದ ಪೂರ್ತಿ ಮುಚ್ಚಿ ಒಣಗಲು ಬಿಡಿ, ಆಮೇಲೆ ಅದರ ನಡುವೆ ಬೋಲ್ಟಿಗೆ ಸರಿಹೋಗುವ ತೂತು ಕೊರೆಯಿರಿ. ಆಗ ಬೋಲ್ಟಿನ ಸುತ್ತ ಒಂದು ಎಪಾಕ್ಸಿ ಕೊಳವೆ ಉಳಿಯುತ್ತದೆ, ನೀರು ಮರದ ಎಳೆಗೆ ಮುಟ್ಟುವುದಿಲ್ಲ. ಒಳಗಡೆ ಅಗಲವಾದ ವಾಷರ್, ಸೀಲೆಂಟ್, ತಾನಾಗಿ ಸಡಿಲವಾಗದ ನಟ್ಟು. ಇದಕ್ಕೆ ಒಂದು ದಿನ ಹೆಚ್ಚು ಹಿಡಿಯುತ್ತದೆ. ಈ ಒಂದು ದಿನವನ್ನು ಉಳಿಸಿದ ದೋಣಿಯ ಹಲಗೆ ಒಳಗೊಳಗೇ ಕೊಳೆಯುತ್ತದೆ, ಹೊರಗೆ ಬಣ್ಣ ಮಾತ್ರ ಹೊಳೆಯುತ್ತಿರುತ್ತದೆ. ಕಡೆಗೊಂದು ಸರಪಳಿಯನ್ನು ಎಂಜಿನ್ನಿಗೂ ದೋಣಿಗೂ ಕಟ್ಟಿ.

ಎತ್ತರದ ವಿಷಯ. ಔಟ್‌ಬೋರ್ಡಿನ ಕಾಲು ಮುಖ್ಯವಾಗಿ ಎರಡು ಅಳತೆಯಲ್ಲಿ ಬರುತ್ತದೆ, ಗಿಡ್ಡದ್ದು 15 ಇಂಚಿನ ಹಲಗೆಗೆ, ಉದ್ದದ್ದು 20 ಇಂಚಿನ ಹಲಗೆಗೆ. ಹಲಗೆ ಕತ್ತರಿಸುವ ಮೊದಲೇ ಎಂಜಿನ್ನು ಯಾವುದೆಂದು ತೀರ್ಮಾನವಾಗಿರಬೇಕು. ಪ್ರೊಪೆಲ್ಲರಿನ ಮೇಲ್ಗಡೆ ಒಂದು ಚಪ್ಪಟೆ ತಟ್ಟೆ ಇರುತ್ತದೆ, ನೋಡಿ. ದೋಣಿಯ ತಳಕ್ಕೆ ಒಂದು ನೇರ ಪಟ್ಟಿ ಹಿಡಿದು ಹಿಂದಕ್ಕೆ ಚಾಚಿದರೆ, ಆ ತಟ್ಟೆ ಪಟ್ಟಿಯ ಮಟ್ಟಕ್ಕೆ ಅಥವಾ ಅದಕ್ಕಿಂತ ಒಂದು ಇಂಚಿನೊಳಗೆ ಕೆಳಗೆ ಇರಬೇಕು. ಮೇಲಿದ್ದರೆ ತಿರುವಿನಲ್ಲಿ ಪ್ರೊಪೆಲ್ಲರ್ ಗಾಳಿ ಎಳೆದುಕೊಳ್ಳುತ್ತದೆ, ಎಂಜಿನ್ನು ಕಿರುಚುತ್ತದೆ, ದೋಣಿ ಮುಂದೆ ಹೋಗುವುದಿಲ್ಲ. ಬಹಳ ಕೆಳಗಿದ್ದರೆ ನೀರು ಚಿಮ್ಮುತ್ತದೆ, ಪೆಟ್ರೋಲು ಸುಮ್ಮನೆ ಹೋಗುತ್ತದೆ. ಮಾಂಜ್ರಾದಲ್ಲಿ ಇನ್ನೂ ಒಂದು ನಷ್ಟ. ಅಲ್ಲಿ ತಳದಲ್ಲಿರುವುದು ಕರಿ ಬಸಾಲ್ಟ್ ಬಂಡೆ. ಪ್ರೊಪೆಲ್ಲರ್ ಬಡಿದರೆ ಮುರಿಯಲೆಂದೇ ಕೆಲವು ಎಂಜಿನ್ನುಗಳಲ್ಲಿ ಒಂದು ಮೆದು ಪಿನ್ನು ಇಟ್ಟಿರುತ್ತಾರೆ. ಅದು ಮುರಿದರೆ ಗೇರು ಉಳಿಯಿತು ಎಂದರ್ಥ. ಆ ಪಿನ್ನಿನ ಜಾಗಕ್ಕೆ ಮೊಳೆ ತುಂಡು ತುರುಕುವ ಜಾಣರಿದ್ದಾರೆ. ಮುಂದಿನ ಬಂಡೆಗೆ ಅವರ ಗೇರು ಪುಡಿಯಾಗುತ್ತದೆ.

ಈಗ ದೋಣಿಯನ್ನು ನಡೆಸುವ ಬಗೆ. ಎರಡು ದಾರಿ ಇವೆ. ಎಂಜಿನ್ನಿಗೇ ಅಂಟಿದ ಉದ್ದ ಹಿಡಿಕೆಯನ್ನು ಹಿಡಿದು, ಅದರ ತುದಿ ತಿರುವಿ ವೇಗ ಹೆಚ್ಚಿಸುವುದು ಒಂದು. ನಡುವೆ ಕೂತು ಸ್ಟೀರಿಂಗ್ ಚಕ್ರ, ಗೇರು ಪೆಟ್ಟಿಗೆ, ಕೇಬಲ್ಲುಗಳ ಮೂಲಕ ನಡೆಸುವುದು ಇನ್ನೊಂದು. ಎರಡನೆಯದು ಕಾರಿನ ಹಾಗೆ ಕಾಣುತ್ತದೆ, ಆದ್ದರಿಂದ ಎಲ್ಲರಿಗೂ ಅದೇ ಬೇಕು. ಅದರಲ್ಲಿ ಒಂದು ನಿಜವಾದ ಲಾಭ ಇದೆ ಎಂದು ಒಪ್ಪುತ್ತೇನೆ. ಚಿಕ್ಕ ದೋಣಿಯ ಹಿಂಬದಿಯಲ್ಲಿ ಎಂಜಿನ್ನು, ಪೆಟ್ರೋಲಿನ ಡಬ್ಬಿ, ಬ್ಯಾಟರಿ, ಜೊತೆಗೆ ಎಪ್ಪತ್ತು ಕಿಲೋದ ಚಾಲಕ ಎಲ್ಲವೂ ಸೇರಿದರೆ ಮೂತಿ ಆಕಾಶ ನೋಡುತ್ತದೆ. ಚಾಲಕ ನಡುವಿಗೆ ಬಂದರೆ ದೋಣಿ ಸಮವಾಗುತ್ತದೆ. ಆದರೆ ಹನ್ನೆರಡು ಅಡಿಗೆ ಇದೇ ಲಾಭವನ್ನು ಹಿಡಿಕೆಗೆ ಒಂದು ಉದ್ದನೆಯ ಕೊಳವೆ ಜೋಡಿಸಿ, ಡಬ್ಬಿಯನ್ನು ಮುಂದಕ್ಕೆ ಸರಿಸಿ ಪಡೆಯಬಹುದು. ಕೆಡುವ ಭಾಗಗಳೂ ಕಡಿಮೆ. ಹದಿನಾಲ್ಕು ಅಡಿ ದಾಟಿದರೆ ಚಕ್ರ ಹಾಕಿ, ಅದಕ್ಕಿಂತ ಚಿಕ್ಕದಕ್ಕೆ ಬೇಡ ಎಂಬುದು ನನ್ನ ಅಭಿಪ್ರಾಯ.

ಚಕ್ರವೇ ಬೇಕೆನ್ನುವವರು ಕೇಬಲ್ ಕೊಳ್ಳುವ ಮೊದಲು ಒಂದು ಹಗ್ಗ ಹಿಡಿದು ಪೆಟ್ಟಿಗೆಯಿಂದ ಎಂಜಿನ್ನಿನವರೆಗೆ ಅದು ಹೋಗುವ ದಾರಿಯಲ್ಲೇ ಅಳೆಯಲಿ. ಕೇಬಲ್ಲನ್ನು ಕಿರಿದಾಗಿ ಮಡಚಿದರೆ ಒಳಗಿನ ತಂತಿ ಕಚ್ಚಿಕೊಳ್ಳುತ್ತದೆ. ಎಂಟು ಇಂಚಿನ ತ್ರಿಜ್ಯಕ್ಕಿಂತ ಚಿಕ್ಕ ತಿರುವು ಬೇಡ. ಎಂಜಿನ್ನನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ, ಮೇಲಕ್ಕೆ ಎತ್ತಿಯೂ ನೋಡಿ, ಎಲ್ಲೂ ಕೇಬಲ್ ಎಳೆದುಕೊಳ್ಳಬಾರದು. ಗೇರಿನ ಕೇಬಲ್ಲಿನ ತುದಿಯಲ್ಲಿ ತಿರುಗಿಸಿ ಸರಿಹೊಂದಿಸುವ ಹಿತ್ತಾಳೆಯ ಗುಬಟು ಇರುತ್ತದೆ. ಹಿಡಿಕೆ ನ್ಯೂಟ್ರಲಿನಲ್ಲಿರುವಾಗ ಎಂಜಿನ್ನಿನ ಕಡೆಯ ಸನ್ನೆಯೂ ತನ್ನ ಆಟದ ನಟ್ಟನಡುವೆ ನಿಲ್ಲುವಂತೆ ಅದನ್ನು ಹೊಂದಿಸಬೇಕು. ಪರೀಕ್ಷೆ ಹೀಗೆ. ಸ್ಪಾರ್ಕ್ ಪ್ಲಗ್ಗಿನ ವೈರು ಕಿತ್ತಿಟ್ಟು ಪ್ರೊಪೆಲ್ಲರನ್ನು ಕೈಯಿಂದ ತಿರುಗಿಸಿ. ನ್ಯೂಟ್ರಲಿನಲ್ಲಿ ಸಲೀಸಾಗಿ ತಿರುಗಬೇಕು, ಗೇರಿಗೆ ಹಾಕಿದರೆ ಕಚ್ಚಿ ಹಿಡಿಯಬೇಕು. ನ್ಯೂಟ್ರಲಿನಲ್ಲೂ ಸ್ವಲ್ಪ ಎಳೆದಂತಾದರೆ ದೋಣಿ ದಡದಲ್ಲಿ ನಿಂತಿದ್ದಾಗ ತಾನಾಗಿ ಹೊರಟೀತು, ಪಕ್ಕದಲ್ಲಿ ಮಕ್ಕಳು ಈಜುತ್ತಿರಬಹುದು.

ಹಿಡಿಕೆಯಿಂದ ನಡೆಸುವವರಿಗೆ ಸೈಕಲ್ಲಿನ ಅಭ್ಯಾಸ ಮುಳ್ಳಾಗುತ್ತದೆ. ಹಿಡಿಕೆಯನ್ನು ಬಲಕ್ಕೆ ತಳ್ಳಿದರೆ ದೋಣಿ ಎಡಕ್ಕೆ ಹೋಗುತ್ತದೆ. ಇನ್ನೊಂದು ವಿಷಯ, ದೋಣಿ ಹಿಂದಿನಿಂದ ತಿರುಗುತ್ತದೆ, ಮೂತಿ ಒಂದು ಕಡೆ ಹೋದರೆ ಹಿಂಬದಿ ಇನ್ನೊಂದು ಕಡೆ ಬೀಸುತ್ತದೆ. ವೇಗ ಪೂರ್ತಿ ಇಳಿಸಿದರೆ ತಿರುಗುವುದೂ ಇಲ್ಲ, ಪ್ರೊಪೆಲ್ಲರಿನ ನೂಕೇ ಚುಕ್ಕಾಣಿ. ಜನವಿಲ್ಲದ ಜಾಗದಲ್ಲಿ, ನೀರು ನಿಂತಿರುವಾಗ ಇದನ್ನು ಕೈಗೆ ರೂಢಿ ಮಾಡಿಕೊಳ್ಳಬೇಕು.

ಎಂಜಿನ್ನಿನ ಜೊತೆ ಕೆಂಪು ಬಣ್ಣದ ಒಂದು ಸುರುಳಿ ಹಗ್ಗ ಬರುತ್ತದೆ. ಬಹಳ ಮಂದಿ ಅದನ್ನು ಡಬ್ಬಿಯಲ್ಲೇ ಬಿಡುತ್ತಾರೆ. ಅದರ ಒಂದು ತುದಿ ಎಂಜಿನ್ನಿನ ಗುಂಡಿಗೆ, ಇನ್ನೊಂದು ತುದಿ ಚಾಲಕನ ಮಣಿಕಟ್ಟಿಗೆ. ಚಾಲಕ ನೀರಿಗೆ ಬಿದ್ದರೆ ಹಗ್ಗ ಕಿತ್ತು ಎಂಜಿನ್ನು ನಿಲ್ಲುತ್ತದೆ. ನಿಲ್ಲದಿದ್ದರೆ ಏನಾಗುತ್ತದೆ ಗೊತ್ತೇ? ಹಿಡಿಯುವ ಕೈ ಇಲ್ಲದ ಎಂಜಿನ್ನು ತಾನೇ ಒಂದು ಪಕ್ಕಕ್ಕೆ ಹೊರಳಿ ದೋಣಿಯನ್ನು ವೃತ್ತಾಕಾರವಾಗಿ ಸುತ್ತಿಸುತ್ತದೆ, ಬಿದ್ದವನ ಮೇಲೇ ಬರುತ್ತದೆ. ಜಗತ್ತಿನ ಎಷ್ಟೋ ಕಡೆ ಹೀಗೆ ಸತ್ತವರಿದ್ದಾರೆ.

ಪೆಟ್ರೋಲಿನ ಬಗ್ಗೆ ಒಂದಿಷ್ಟು. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥೆನಾಲ್ ಇದೆ. ಅದರಲ್ಲಿ ಒಂದು ಪಾಲು ನಮ್ಮದೇ ಕಬ್ಬಿನ ರಸದ್ದಿದ್ದರೂ ಇರಬಹುದು, ರೈತನಿಗೆ ಒಳ್ಳೆಯದೇ. ಆದರೆ ಅನೇಕ ಔಟ್‌ಬೋರ್ಡುಗಳ ಕೈಪಿಡಿಯಲ್ಲಿ ಶೇ. 10ರವರೆಗೆ ಮಾತ್ರ ಎಂದು ಬರೆದಿರುತ್ತಾರೆ. ಕೊಳ್ಳುವ ಮೊದಲು ಅದನ್ನು ಕೇಳಿ ಖಚಿತ ಮಾಡಿಕೊಳ್ಳಿ. ಎಥೆನಾಲ್ ಗಾಳಿಯಲ್ಲಿನ ತೇವ ಹೀರುತ್ತದೆ. ನೀರು ಹೆಚ್ಚಾದರೆ ಪೆಟ್ರೋಲಿನಿಂದ ಬೇರೆಯಾಗಿ ಡಬ್ಬಿಯ ತಳಕ್ಕೆ ಇಳಿಯುತ್ತದೆ, ಎಂಜಿನ್ನು ಮೊದಲು ಕುಡಿಯುವುದು ಅದನ್ನೇ. ವರ್ಷಕ್ಕೆ ನಾಲ್ಕು ಸಲ ಮಾತ್ರ ಓಡಿಸುವ ದೋಣಿಗೆ ಇದು ದೊಡ್ಡ ಶತ್ರು. ನೀರು ಬೇರ್ಪಡಿಸುವ ಫಿಲ್ಟರ್ ಹಾಕಿ, ಕೆಲಸ ಮುಗಿದ ಮೇಲೆ ಕಾರ್ಬ್ಯುರೇಟರ್ ಖಾಲಿ ಮಾಡಿ, ಡಬ್ಬಿಯ ಪೆಟ್ರೋಲನ್ನು ಬೈಕಿಗೆ ಸುರಿದುಬಿಡಿ.

ಬೀದರಿನವರಿಗೆ ಖುಷಿ ಕೊಡುವ ಒಂದು ವಿಷಯವನ್ನೂ ಹೇಳಬೇಕು. ಔಟ್‌ಬೋರ್ಡಿನ ಕಾಲಿಗೆ ಒಂದು ಲೋಹದ ತುಂಡು ಅಂಟಿಸಿರುತ್ತಾರೆ. ಎಂಜಿನ್ನಿನ ಅಲ್ಯೂಮಿನಿಯಂ ಸವೆಯುವ ಬದಲು ಆ ತುಂಡು ಸವೆಯಲಿ ಎಂದು. ಕಡಲಿನವರು ಸತುವಿನದನ್ನು ಹಾಕುತ್ತಾರೆ. ನಮ್ಮ ಬಿದರಿ ಕಲೆಯ ಹೂಜಿ, ಹುಕ್ಕಾಗಳು ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ ಬೆರೆತ ಲೋಹದವು, ಆದ್ದರಿಂದ ಸತು ನಮಗೆ ಮನೆಯ ಲೋಹ. ದುರದೃಷ್ಟಕ್ಕೆ ಸಿಹಿನೀರಿನಲ್ಲಿ ಸತುವಿನ ತುಂಡು ಮೇಲೆ ಪದರ ಕಟ್ಟಿಕೊಂಡು ಮಲಗಿಬಿಡುತ್ತದೆ. ಕಾರಂಜಾಕ್ಕೆ ಮೆಗ್ನೀಸಿಯಂ ಅಥವಾ ಅಲ್ಯೂಮಿನಿಯಂ ತುಂಡೇ ಆಗಬೇಕು, ಅಂಗಡಿಯವನಿಗೆ ಕೇಳಿಯೇ ಬದಲಾಯಿಸಿಕೊಳ್ಳಿ.

ಮೊದಲ ಸಲ ಚಾಲೂ ಮಾಡುವಾಗ 200 ಲೀಟರಿನ ಡ್ರಮ್ಮಿನಲ್ಲಿ ನೀರು ತುಂಬಿ, ಪ್ರೊಪೆಲ್ಲರಿನ ಮೇಲಿನ ಆ ಚಪ್ಪಟೆ ತಟ್ಟೆ ಮುಳುಗುವಂತೆ ಎಂಜಿನ್ನನ್ನು ಇಳಿಸಿ. ಎಂಜಿನ್ನಿನ ಹಿಂದಿನಿಂದ ನೀರಿನ ಧಾರೆ ಹೊರಬರಬೇಕು. ತಂಪು ಮಾಡುವ ಪಂಪು ಕೆಲಸ ಮಾಡುತ್ತಿದೆ ಎಂಬುದಕ್ಕೆ ಅದೇ ಸಾಕ್ಷಿ. ಧಾರೆ ಇಲ್ಲದಿದ್ದರೆ ಒಂದು ನಿಮಿಷವೂ ಓಡಿಸಬೇಡಿ. ಒಳಗಿನ ಪಂಪಿನ ರಬ್ಬರ್ ಚಕ್ರಕ್ಕೆ ಎರೆಮಣ್ಣಿನ ರಾಡಿ ಉಪ್ಪಿಗಿಂತ ಕೆಟ್ಟದ್ದು. ಮಳೆಗಾಲ ಮುಗಿದ ಮೇಲೆ ಅದನ್ನು ಬಿಚ್ಚಿ ನೋಡಬೇಕು. ಮೊದಲ ಹತ್ತು ಗಂಟೆ ಪೂರ್ತಿ ವೇಗಕ್ಕೆ ಹೋಗದೆ ಪಳಗಿಸಿ, ಎಂಜಿನ್ ಆಯಿಲ್ ಬದಲಿಸಿ. ಆಮೇಲೆ ಪೂರ್ತಿ ವೇಗದಲ್ಲಿ ಸುತ್ತುಗಳು ಕೈಪಿಡಿ ಹೇಳಿದಷ್ಟು ಬರುತ್ತಿಲ್ಲವಾದರೆ ಎಂಜಿನ್ನನ್ನು ಬಯ್ಯುವ ಮೊದಲು ಪ್ರೊಪೆಲ್ಲರ್ ನೋಡಿ. ಎತ್ತರದ ಊರಿಗೆ ಪಿಚ್ಚು, ಅಂದರೆ ಒಂದು ಸುತ್ತಿಗೆ ಪ್ರೊಪೆಲ್ಲರ್ ಮುಂದೆ ಸಾಗುವ ಅಳತೆ, ಒಂದು ಇಂಚು ಕಡಿಮೆ ಇರುವುದು ಬೇಕಾಗಬಹುದು.

ಕಾನೂನಿನ ಮಾತನ್ನು ಚಿಕ್ಕದಾಗಿ ಮುಗಿಸುತ್ತೇನೆ. 1917ರ ಹಳೆಯ ಕಾಯ್ದೆಯ ಜಾಗದಲ್ಲಿ 2021ರಲ್ಲಿ ಒಳನಾಡು ನೌಕೆಗಳ ಹೊಸ ಕಾಯ್ದೆ ಬಂದಿದೆ. ಯಂತ್ರ ಹಾಕಿದ ದೋಣಿಗೆ ತಪಾಸಣೆ, ನೋಂದಣಿ ಬೇಕು. ಜಲಾಶಯದಲ್ಲಿ ಇಳಿಸಲು ನೀರಾವರಿಯವರ ಅನುಮತಿ ಬೇರೆ. ಮೀನುಗಾರರ ಬಲೆಗಳು ಎಲ್ಲೆಲ್ಲಿ ಇವೆ ಎಂದು ಅವರನ್ನೇ ಕೇಳಿ ತಿಳಿದುಕೊಳ್ಳಬೇಕು. ಬಲೆ ಪ್ರೊಪೆಲ್ಲರಿಗೆ ಸುತ್ತಿದರೆ ನಿಮಗೂ ನಷ್ಟ, ಅವರ ಹೊಟ್ಟೆಗೂ ನಷ್ಟ.

ನೆರೆಯ ಬಗ್ಗೆ ನನ್ನ ತೀರ್ಪು ಕಟುವಾಗಿದೆ. ಮನೆಯಲ್ಲಿ ಕಟ್ಟಿದ ಹತ್ತು ಹಾರ್ಸ್‌ಪವರಿನ ದೋಣಿ ತುಂಬಿ ಹರಿಯುವ ಮಾಂಜ್ರಾದ ಸೆಳವಿಗೆ ಇಳಿಯಬಾರದು. ಬ್ಯಾರೇಜುಗಳ ಹತ್ತಿರವಂತೂ ಸುಳಿಯಲೇಬಾರದು. ಅದು ತರಬೇತಿ ಪಡೆದ ಅಗ್ನಿಶಾಮಕ, ವಿಪತ್ತು ದಳದವರ ಕೆಲಸ. ನಮ್ಮ ದೋಣಿಯ ಕೆಲಸ ಮರುದಿನದ್ದು. ನೀರು ಹೊಲದಲ್ಲಿ ನಿಂತಿದ್ದಾಗ ಹಾಲಿನ ಕ್ಯಾನು, ಔಷಧಿ, ಹೆರಿಗೆಗೆ ಹೋಗಬೇಕಾದವರನ್ನು ರಸ್ತೆಗೆ ಮುಟ್ಟಿಸಬಹುದು. ಆಗಲೂ ನೀರಿನಲ್ಲಿರುವ ಮನುಷ್ಯನ ಹತ್ತಿರ ಹೋಗುವಾಗ ಕೆಳಗಿನಿಂದ, ಹರಿವಿಗೆ ಎದುರಾಗಿ ಹೋಗಿ, ಮೂತಿಯನ್ನು ಅವನ ಕಡೆ ತಿರುಗಿಸಿ. ಹಿಂಬದಿ ತಾನಾಗಿ ಆಚೆ ಹೋಗುತ್ತದೆ. ಅವನ ಕೈಗೆ ಹಗ್ಗ ಸಿಗುವ ಮೊದಲು ಎಂಜಿನ್ನು ನಿಲ್ಲಿಸಿರಬೇಕು.

ಮಿರಗದ ಮಳೆ ಹತ್ತಿರ ಬರುತ್ತಿದ್ದಂತೆ ಬಿತ್ತನೆಯ ಗಡಿಬಿಡಿಯಲ್ಲಿ ಯಾರಿಗೂ ಪುರುಸೊತ್ತು ಇರುವುದಿಲ್ಲ. ಆದ್ದರಿಂದ ಮಾಂಜ್ರಾ ದಂಡೆಯ ಪಂಚಾಯಿತಿಗಳಿಗೂ, ದೋಣಿ ಕಟ್ಟಲು ಹೊರಟ ತರುಣರಿಗೂ ನನ್ನ ಕೋರಿಕೆ ಒಂದೇ. ಮೇ ತಿಂಗಳಲ್ಲೇ ದೋಣಿಯನ್ನು ಹೊರಗೆ ತೆಗೆಯಿರಿ. ಹಿಂಬದಿಯ ಬೋಲ್ಟುಗಳನ್ನು ಪಾನಾ ಹಾಕಿ ನೋಡಿ, ಹೊಸ ಪೆಟ್ರೋಲು ತುಂಬಿ, ಕೆಂಪು ಹಗ್ಗ ಕೈಗೆ ಕಟ್ಟಿ, ಎಲ್ಲರೂ ಲೈಫ್ ಜಾಕೆಟ್ ಹಾಕಿಕೊಂಡು ಕಾರಂಜಾದ ನಿಂತ ನೀರಿನಲ್ಲಿ ಒಂದು ಸುತ್ತು ಹೊಡೆಸಿ. ಹಾಗೆ ಪರೀಕ್ಷೆ ಮಾಡದ ಎಂಜಿನ್ನನ್ನು ಮಳೆ ಬಂದ ಮೇಲೆ ನಂಬಬೇಡಿ.